ನಾಲ್ಕನೇ ನಂಬರಿನ ಬಿಲ್ಲೆ

“ಆರಡಿ ಅಂದ್ರೆ ಎಷ್ಟು ದೂರ ಅಂತ ನಂಗೆ ಏಳ್ಕೊಡ್ತೀಯೇನ್ಲಾ ಲಿಂಗ? ಆ ಟೇಪು ಮಡಗು ಅತ್ಲಾಗೆ. ನಾನು ನಿಂತ್ಕತೀನಿ, ನನ್ ಕಾಲ್ ತಾವ ಗೀಟು ಎಳ್ಕೊ.”

ಇಷ್ಟು ಹೇಳಿ ಮಾದೇವಮ್ಮ ರೇಡಿಯಂ ಕೋಣೆಯ ಬಾಗಿಲಿನಿಂದ ಹಿಂದಕ್ಕೆ ಸರಿಯುತ್ತಾ ಹೋಗಿ ಪಡಸಾಲೆಯಲ್ಲಿ ಒಂದು ಕಡೆ ನಿಂತಳು. ನಾನು ಹಳದಿ ಬಣ್ಣದ ಡಬ್ಬಿ ಕೆಳಗಿಟ್ಟು ಟೇಪು ಹಿಡಿದೆ. ಆರಡಿಗಿಂತ ಒಂದು ಗೇಣು ಹೆಚ್ಚೇ ಇತ್ತು.

“ಜಾಸ್ತಿ ಆಯ್ತು ಚಿಕ್ಕವ್ವ.”

“ಜಾಸ್ತಿ ಆದ್ರೆ ಯಾರೂ ಬಯ್ಯಕಿಲ್ಲ ಕಣ್ ಮಗ. ಕಮ್ಮಿ ಆದ್ರೇನೆ ಕಲ್ಲು ಬೀಳೋದು.”

ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಗೀಟು ಎಳೆದೆ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ‘ಅಪಾಯ. ಗೀಟು ದಾಟಬೇಡಿ’ ಎಂದು ಬರೆದೆ. ಬಣ್ಣ ಇನ್ನೂ ಹಸಿಯಾಗಿತ್ತು. ಮಾದೇವಮ್ಮ ಸೀರೆ ಎತ್ತಿಕೊಂಡು ಗೀಟು ದಾಟಿ ಒಳಗೆ ಹೋದಳು. ಅವಳ ಕೆಲಸ ಇದ್ದದ್ದೇ ಒಳಗೆ.

ಅದು ಅರವತ್ತೈದನೇ ಇಸವಿ. ನಮ್ಮದು ಮೈಸೂರಿನ ಲಕ್ಷ್ಮೀಪುರಂ ಕಡೆಯ ಒಂದು ಧರ್ಮಾಸ್ಪತ್ರೆ. ಹೆಸರು ಬೇಡ, ಧರ್ಮಕ್ಕೆ ಹೆಸರು ಯಾಕೆ. ಕ್ಯಾನ್ಸರ್ ಆದ ಹೆಂಗಸರಿಗೆ ಅಲ್ಲಿ ರೇಡಿಯಂ ಇಡುತ್ತಿದ್ದರು. ಸೂಜಿಯಂಥ ಸಣ್ಣ ಸಣ್ಣ ಕೊಳವೆ, ಅದರೊಳಗೆ ರೇಡಿಯಂ. ಗೆಡ್ಡೆಯಿರುವ ಜಾಗಕ್ಕೆ ಅದನ್ನು ಚುಚ್ಚಿ, ನಿಗದಿಯಾದಷ್ಟು ಹೊತ್ತು ಬಿಟ್ಟು, ಆಮೇಲೆ ತೆಗೆಯಬೇಕು. ಬಿಟ್ಟಷ್ಟು ಹೊತ್ತು ಗೆಡ್ಡೆ ಸುಡುತ್ತದೆ. ಗೆಡ್ಡೆ ಇಲ್ಲದವರು ಹಿಡಿದುಕೊಂಡರೆ ಇದ್ದದ್ದನ್ನೇ ಸುಡುತ್ತದೆ.

ನಾನು ಅಶೋಕಪುರಂನವನು, ಮಾದೇವಮ್ಮನ ಕೇರಿಯವನೇ. ಎಸ್ಸೆಲ್ಸಿ ಪಾಸು. ಎಕ್ಸ್-ರೇ ವಿಭಾಗದ ಕತ್ತಲೆಕೋಣೆಯಲ್ಲಿ ಫಿಲಂ ತೊಳೆಯುತ್ತಿದ್ದೆ. ಆ ಕೋಣೆಯಲ್ಲಿ ಬೆಳಕಿಲ್ಲ, ಅಲ್ಲಿ ಯಾರು ಯಾರನ್ನು ಮುಟ್ಟಿದರೂ ಕಾಣುವುದಿಲ್ಲ. ಹಾಗಾಗಿ ಆ ಕೆಲಸ ನನಗೆ ಸಿಕ್ಕಿತ್ತು. ಒಂದು ದಿನ ಬೊಂಬಾಯಿಯ ಅಣುಶಕ್ತಿ ಇಲಾಖೆಯಿಂದ ಆದೇಶ ಬಂತು. ರೇಡಿಯಂ ಇಟ್ಟುಕೊಂಡ ಆಸ್ಪತ್ರೆಯವರು ಸುರಕ್ಷತೆ ನೋಡಿಕೊಳ್ಳಲು ಒಬ್ಬನನ್ನು ನೇಮಿಸಬೇಕು, ಅವನನ್ನು ಅಲ್ಲಿಯ ಟ್ರಾಂಬೆಗೆ ತರಬೇತಿಗೆ ಕಳಿಸಬೇಕು. ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ಅಣು ಹತ್ತಿರ ಹೋದರೆ ಗಂಡಸುತನ ಹೋಗುತ್ತದೆ ಎಂದು ಕಂಪೌಂಡರ್ ಹುಚ್ಚಣ್ಣ ಎಲ್ಲರಿಗೂ ಹೇಳಿ ಮುಗಿಸಿದ್ದ. ಆಗ ಸೂಪರಿಂಟೆಂಡೆಂಟ್ ಡಾಕ್ಟರ್ ಕೃಷ್ಣಸ್ವಾಮಿಯವರಿಗೆ ನನ್ನ ನೆನಪಾಯಿತು.

“ಲಿಂಗಯ್ಯ, ನಿಂಗೊಂದು ದೊಡ್ಡ ಪೋಸ್ಟ್ ಕೊಡ್ತಿದೀನಿ. ಸೇಫ್ಟಿ ಇನ್‌ಚಾರ್ಜ್. ಸಂಬಳ ಅದೇ.”

“ಕುರ್ಚಿ ಸಾರ್?”

“ಸೇಫ್ಟಿಯವನು ಕೂತರೆ ಹೇಗಯ್ಯಾ? ಓಡಾಡ್ತಿರಬೇಕು.”

ಹೀಗೆ ಶುರುವಾಯಿತು ನನ್ನ ಅಣು ಸುರಕ್ಷತೆಯ ನೌಕರಿ.

ಟ್ರಾಂಬೆಯಲ್ಲಿ ಸಮುದ್ರದ ಪಕ್ಕ ದೊಡ್ಡ ಗುಮ್ಮಟ. ಒಳಗೆ ಅಣು ಉರಿಯುತ್ತದೆ ಎಂದರು. ಹೊಗೆ ಇಲ್ಲ, ಬೂದಿ ಇಲ್ಲ. ಪಾಠ ಮಾತ್ರ ಬಹಳ ಸುಲಭ. ಹತ್ತಿರ ಹೆಚ್ಚು ಹೊತ್ತು ಇರಬೇಡ. ದೂರ ನಿಲ್ಲು. ನಡುವೆ ಗೋಡೆ ಇರಲಿ. ಕೈಯಿಂದ ಮುಟ್ಟಬೇಡ. ಮುಟ್ಟಿದರೆ ಸ್ನಾನ ಮಾಡು, ಬಟ್ಟೆ ಬೇರೆ ಇಡು. ನಾನು ಕ್ಲಾಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಾಠ ಹೇಳುತ್ತಿದ್ದವರು ಯಾಕೆಂದು ಕೇಳಿದರು.

“ಏನಿಲ್ಲ ಸಾರ್, ಊರು ನೆನಪಾಯ್ತು.”

ಅಲ್ಲಿಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದೇ ಮೇಜು. ಮೊದಮೊದಲು ನಾನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದೆ. ಆಮೇಲೆ ಒಬ್ಬ ವಯಸ್ಸಾದ ಅಧಿಕಾರಿ ತಾವೇ ನನ್ನ ಎದುರು ಬಂದು ಕೂತು ನನ್ನ ತಟ್ಟೆಗೆ ಉಪ್ಪಿನಕಾಯಿ ಹಾಕಿದರು. ತಾರಾಪುರದಲ್ಲಿ ಅಣುವಿದ್ಯುತ್ ಕಾರ್ಖಾನೆ ಏಳುತ್ತಿದೆ, ಸುರಕ್ಷತೆ ನೋಡುವ ಹುಡುಗರು ಬೇಕು, ನಿನ್ನ ಮೇಲಿನವರಿಂದ ಒಂದು ಶಿಫಾರಸು ಪತ್ರ ತಂದರೆ ಸಾಕು ಎಂದರು. ಆ ಉಪ್ಪಿನಕಾಯಿಯ ರುಚಿ ನಾಲಿಗೆಯ ಮೇಲಿಟ್ಟುಕೊಂಡೇ ನಾನು ಮೈಸೂರಿಗೆ ಬಂದೆ. ಬಂದವನು ಮೊದಲು ಮಾಡಿದ್ದು ಆ ಹಳದಿ ಗೀಟು.

ಇನ್ನು ಮಾದೇವಮ್ಮನ ಕೆಲಸ ಹೇಳಬೇಕು. ಸೀಸದ ಡಬ್ಬಿಯಲ್ಲಿ ರೇಡಿಯಂ ಹೊತ್ತು ಆಪರೇಷನ್ ಕೋಣೆಗೆ ಒಯ್ಯುವವಳು ಅವಳು. ಡಾಕ್ಟರು ಅದನ್ನು ಚುಚ್ಚಿ ಅಥವಾ ತೆಗೆದು ತಟ್ಟೆಗೆ ಹಾಕಿ ಹೊರಗೆ ಹೋಗಿಬಿಡುತ್ತಿದ್ದರು. ತಟ್ಟೆಯಲ್ಲಿದ್ದದ್ದನ್ನು ನಲ್ಲಿಯ ಕೆಳಗೆ ಹಿಡಿದು ರಕ್ತ ತೊಳೆಯುವವಳು ಅವಳು. ಒಂದೊಂದಕ್ಕೂ ದಾರ ಪೋಣಿಸಿ ಮತ್ತೆ ಡಬ್ಬಿಗೆ ಜೋಡಿಸುವವಳು ಅವಳು. ಬೆರಳಿನಿಂದ. ಡಬ್ಬಿ ಭಾರವೆಂದು ಹೊಟ್ಟೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ಇದಕ್ಕೆಂದೇ ಉದ್ದ ಹಿಡಿಯ ಚಿಮಟ ಲಂಡನ್ನಿನಿಂದ ಬಂದಿತ್ತು. ಅದು ಸೂಪರಿಂಟೆಂಡೆಂಟರ ಕೋಣೆಯ ಗಾಜಿನ ಬೀರುವಿನಲ್ಲಿ ವೆಲ್ವೆಟ್ ಮೇಲೆ ಮಲಗಿತ್ತು. ಬಳಸಿದರೆ ಹಾಳಾಗುತ್ತದೆ ಎಂದು ಬೀಗ.

ಅವಳ ಬೆರಳು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಮೊದಲು ಚರ್ಮ ಒಣಗಿತು. ಆಮೇಲೆ ನುಣ್ಣಗಾಯಿತು. ಉಗುರು ಕಪ್ಪಾಗಿ ಸೀಳಿತು. ಸೀಳಿದ್ದು ಮಾಯಲಿಲ್ಲ. ರಾಗಿ ಮುದ್ದೆಯ ಬಿಸಿ ಬಲಗೈಗೆ ಗೊತ್ತಾಗದೆ ಎಡಗೈಯಲ್ಲಿ ಮುಟ್ಟಿ ನೋಡಿ ಉಣ್ಣುತ್ತಿದ್ದಳು. ಕೂಲಿ ಈಸಿಕೊಳ್ಳುವಾಗ ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡುತ್ತಿರಲಿಲ್ಲ. ಬರೀ ಮಸಿ. ಹೆಡ್ ಕ್ಲರ್ಕ್ ನಂಜುಂಡಯ್ಯನವರು ದೂರದಿಂದಲೇ ಗದರುತ್ತಿದ್ದರು.

“ಸರಿಯಾಗಿ ಒತ್ತೇ. ಬೆರಳಲ್ಲಿ ಗೆರೆ ಇಲ್ವೇನು ನಿಂಗೆ?”

“ಇದ್ವು ಸ್ವಾಮಿ. ತೊಳೆದು ತೊಳೆದು ಓದ್ವು.”

ಬೊಂಬಾಯಿಯಿಂದ ಬ್ಯಾಡ್ಜುಗಳು ಬಂದವು. ಅಂಗಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ, ಒಳಗೊಂದು ತುಂಡು ಫಿಲಂ. ಮೈಗೆ ಎಷ್ಟು ರೇಡಿಯಂ ತಾಗಿತೋ ಅಷ್ಟು ಆ ಫಿಲಂ ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಫಿಲಂ ತೆಗೆದು ಬೊಂಬಾಯಿಗೆ ಕಳಿಸಬೇಕು, ಬಿಲ್ಲೆಗೆ ಹೊಸ ಫಿಲಂ ಹಾಕಬೇಕು. ಅದು ನನ್ನ ಕೆಲಸ. ಬಂದದ್ದು ಐದು ಬಿಲ್ಲೆ. ಒಂದನೆಯದು ಸೂಪರಿಂಟೆಂಡೆಂಟರಿಗೆ. ಎರಡನೆಯದು ಶನಿವಾರ ಕಾಫಿಗೆ ಬಂದುಹೋಗುತ್ತಿದ್ದ ಅವರ ಅಳಿಯ ಡಾಕ್ಟರಿಗೆ. ಮೂರನೆಯದು ಮೇಟ್ರನ್‌ಗೆ. ನಾಲ್ಕನೆಯದು ನಂಜುಂಡಯ್ಯನವರಿಗೆ, ಯಾಕೆಂದರೆ ರೇಡಿಯಂನ ಕಾಗದಪತ್ರವೆಲ್ಲ ಅವರ ಕೈಮೇಲೆ ಹೋಗುತ್ತಿತ್ತು. ಐದನೆಯದು ನನಗೆ.

“ಮಾದೇವಮ್ಮನಿಗೆ?” ಎಂದೆ.

“ಅವಳೆಲ್ಲಿದಾಳಯ್ಯಾ ನಮ್ಮ ರೋಲ್‌ನಲ್ಲಿ?” ನಂಜುಂಡಯ್ಯನವರು ಕನ್ನಡಕ ಹಣೆಗೇರಿಸಿದರು. “ದಿನಗೂಲಿ. ಆಸ್ಪತ್ರೆ ಲೆಕ್ಕದಲ್ಲಿ ಅವಳು ಇಲ್ಲ. ಇಲ್ಲದೋರಿಗೆ ಬ್ಯಾಡ್ಜ್ ಹೇಗೆ ಕೊಡೋದು?”

ಪಕ್ಕದ ಕೋಣೆಯಲ್ಲಿ ಇಲ್ಲದವಳು ಸೂಜಿ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

ಬಿಲ್ಲೆಗೆ ಭಾರಿ ಮರ್ಯಾದೆ ಬಂತು. ಸೂಪರಿಂಟೆಂಡೆಂಟರು ಅದನ್ನು ಕೋಟಿಗೆ ಸಿಕ್ಕಿಸಿಕೊಂಡು ಮದುವೆ ಮನೆಗಳಿಗೆ ಹೋಗುತ್ತಿದ್ದರು. ನಂಜುಂಡಯ್ಯನವರು ಅದನ್ನು ಹಾಕಿಕೊಂಡು ಟೌನ್ ಹಾಲ್ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಬಂದರು. ಸರ್ಕಾರದ ಬಿರುದು ಎಂದು ಯಾರೋ ತಿಳಿದರಂತೆ. ಇವರು ಅಲ್ಲ ಎನ್ನಲಿಲ್ಲ.

ಒಂದು ಬೆಳಿಗ್ಗೆ ಅಂಗಳದಲ್ಲಿ ನಂಜುಂಡಯ್ಯನವರ ಕೋಟಿನಿಂದ ಬಿಲ್ಲೆ ಬಿತ್ತು. ಹಿಂದೆ ಬರುತ್ತಿದ್ದ ಮಾದೇವಮ್ಮ ಪೊರಕೆ ಕೆಳಗಿಟ್ಟು ಎತ್ತಿಕೊಂಡಳು.

“ಸ್ವಾಮೀ, ನಿಮ್ಮ ಬಿಲ್ಲೆ ಬಿತ್ತು.”

ಕೈ ಚಾಚಿದಳು. ನಂಜುಂಡಯ್ಯನವರೂ ಅಭ್ಯಾಸಬಲದಿಂದ ಕೈ ಚಾಚಿ, ಅರ್ಧಕ್ಕೇ ಎಳೆದುಕೊಂಡರು. ಬಿಲ್ಲೆ ನೋಡಿದರು. ಅದನ್ನು ಹಿಡಿದ ಬೆರಳು ನೋಡಿದರು.

“ಮುಟ್ಟಿಬಿಟ್ಟೆಯಲ್ಲೇ!”

“ಮುಟ್ದೆ ಎಂಗೆ ಎತ್ಲಿ ಸ್ವಾಮಿ?”

ಅವರು ನನ್ನನ್ನು ಕತ್ತಲೆಕೋಣೆಯ ಬಾಗಿಲಿಗೆ ಕರೆದು ಪಿಸುಗುಟ್ಟಿದರು. “ಲಿಂಗಯ್ಯ, ಆ ಬ್ಯಾಡ್ಜಿಗೆ ಸ್ವಲ್ಪ ಗಂಜಲ ಪ್ರೋಕ್ಷಣೆ ಮಾಡಬಹುದೇನಯ್ಯಾ?”

“ಒದ್ದೆಯಾದ್ರೆ ಒಳಗಿನ ಫಿಲಂ ಕೆಟ್ಟೋಗತ್ತೆ ಸ್ವಾಮಿ.”

“ಬಿಸಿಲಿಗೆ ಇಟ್ಟರೆ?”

“ಬಿಸಿಲಿಗೂ ಕೆಡುತ್ತೆ.”

ತುಂಬ ಯೋಚನೆ ಮಾಡಿದರು. ಹೊಸದು ಕೇಳಿದರೆ ಹಳೆಯದು ಏನಾಯಿತೆಂದು ಬೊಂಬಾಯಿಗೆ ಬರೆಯಬೇಕು. ಮುಟ್ಟಿಸಿಕೊಂಡದ್ದಕ್ಕೆ ಬೇಡ ಎಂದು ಬರೆದರೆ ಕಾನೂನು ಬಂದಿದೆ, ಜೈಲು. “ಹಾಳಾಗಲಿ, ಅವಳ ಹತ್ತಿರವೇ ಇರಲಿ. ತಿಂಗಳಿಗೊಮ್ಮೆ ನೀನೇ ಈಸ್ಕೊಂಡು ಫಿಲಂ ಕಳಿಸು. ನಂದು ಅಂತಲೇ ಕಳಿಸು. ಗಾಳಿಗೆ ಕಪ್ಪಾಗೋದಿಲ್ಲವಷ್ಟೆ?”

“ಗಾಳಿಗೆ ಆಗಲ್ಲ ಸ್ವಾಮಿ.”

ಹೀಗೆ ನಾಲ್ಕನೇ ನಂಬರಿನ ಬಿಲ್ಲೆ ಮಾದೇವಮ್ಮನ ಸೊಂಟ ಸೇರಿತು. ನಾನು ಎಷ್ಟು ಸಲ ಬೇಡಿದರೂ ಸಿಗದ ಬಿಲ್ಲೆ ಮಡಿಯವರ ಕೃಪೆಯಿಂದ ಸಿಕ್ಕಿತು. ಕೇರಿಯಲ್ಲಿ ಅವಳನ್ನು ದಫೇದಾರಮ್ಮ ಎಂದು ರೇಗಿಸಿದರು. ಅವಳು ಸೆರಗು ಸರಿಸಿ ಬಿಲ್ಲೆ ತೋರಿಸಿ, “ದೂರ ನಿಂತ್ಕಳ್ರಪ್ಪಾ, ಆರಡಿ” ಎನ್ನುತ್ತಿದ್ದಳು.

ತಿಂಗಳ ಕೊನೆಗೆ ಫಿಲಂ ಕಳಿಸಿದೆ. ಮತ್ತೊಂದು ತಿಂಗಳು ಕಳಿಸಿದೆ. ಬೊಂಬಾಯಿಯಿಂದ ತಂತಿ ಬಂತು. ನಾಲ್ಕನೇ ನಂಬರಿನವರಿಗೆ ಮಿತಿ ಮೀರಿ ತಾಗಿದೆ. ಕೂಡಲೇ ಕೆಲಸದಿಂದ ಬಿಡಿಸಿ, ಪೂರ್ತಿ ಸಂಬಳದ ರಜೆ ಕೊಡಿ, ರಕ್ತ ಪರೀಕ್ಷೆ ಮಾಡಿಸಿ, ನಮ್ಮ ಇನ್‌ಸ್ಪೆಕ್ಟರ್ ಬರುತ್ತಾರೆ.

ನಾನು ತಂತಿ ಹಿಡಿದು ಓಡಿದೆ. “ಸಾರ್, ಇದು ಮಾದೇವಮ್ಮನದು. ಬಿಲ್ಲೆ ಅವಳ ಮೈಮೇಲಿತ್ತು. ನಂಜುಂಡಯ್ಯನವರನ್ನೇ ಕೇಳಿ.”

ಸೂಪರಿಂಟೆಂಡೆಂಟರು ತಂತಿಯನ್ನು ಬೆಳಕಿಗೆ ಹಿಡಿದರು. “ಇಲ್ಲಿ ನಾಲ್ಕು ಅಂತಿದೆ. ನಾಲ್ಕು ಅಂದ್ರೆ ನಂಜುಂಡಯ್ಯ.”

ನಂಜುಂಡಯ್ಯನವರು ಬಾಯಿ ತೆರೆದವರು ‘ಪೂರ್ತಿ ಸಂಬಳದ ರಜೆ’ ಎಂಬ ಮಾತು ಕೇಳಿ ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ಎದೆ ಒತ್ತಿಕೊಂಡು, “ಮೊನ್ನೆಯಿಂದ ಇಲ್ಲಿ ಸ್ವಲ್ಪ ಉರಿ ಇತ್ತು ಸಾರ್” ಎಂದರು.

ಅವರಿಗೆ ರಜೆ ಸಿಕ್ಕಿತು. ಮನೆಗೆ ಹಾಲು, ಬಾದಾಮಿ, ದ್ರಾಕ್ಷಿ ಹೋದವು. ದೇಶಕ್ಕಾಗಿ ಅಣು ಕುಡಿದವರು ಎಂದು ಯಾರೋ ಹಾರ ಹಾಕಿ ಬಂದರು. ಇಲ್ಲಿ ಮಾದೇವಮ್ಮ ಡಬ್ಬಿ ಹೊಟ್ಟೆಗೊತ್ತಿಕೊಂಡು ನಡೆಯುತ್ತಲೇ ಇದ್ದಳು.

ಆದರೆ ಸಂಗತಿ ಅವರಿದ್ದ ಅಗ್ರಹಾರದಲ್ಲಿ ಹರಡಿತು. ನಂಜುಂಡಯ್ಯನವರಿಗೆ ಅಣು ತಗುಲಿದೆಯಂತೆ, ಹತ್ತಿರ ಹೋದರೆ ಅಂಟುತ್ತದಂತೆ. ಪಕ್ಕದ ಮನೆಯವರು ಬಾವಿಯ ಹಗ್ಗ ಬೇರೆ ಮಾಡಿಕೊಂಡರು. ದೇವಸ್ಥಾನದಲ್ಲಿ ಅರ್ಚಕರು ತೀರ್ಥವನ್ನು ಮೇಲಿನಿಂದ ಬಿಟ್ಟರು, ಅರ್ಧ ಅಂಗೈಗೆ, ಅರ್ಧ ನೆಲಕ್ಕೆ. ಮಗಳನ್ನು ನೋಡಲು ಬರಬೇಕಾಗಿದ್ದವರು ಬರಲಿಲ್ಲ. ಕೊನೆಗೆ ಮನೆಯವರೇ ಅವರಿಗೆ ಜಗುಲಿಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಸೊಸೆ ಅನ್ನವನ್ನು ದೂರದಿಂದ ಜಾರಿಸುತ್ತಿದ್ದಳಂತೆ.

ಈ ವಿಷಯ ನಾನು ಹೇಳಿದಾಗ ಮಾದೇವಮ್ಮ ನಗಲಿಲ್ಲ. “ಪಾಪ ಕಣೋ. ಅಭ್ಯಾಸ ಇಲ್ಲ ಅವ್ರಿಗೆ” ಎಂದಳು.

ಜಗುಲಿಯ ಊಟ ನಂಜುಂಡಯ್ಯನವರಿಗೆ ವಾರವೂ ದಕ್ಕಲಿಲ್ಲ. ಆಸ್ಪತ್ರೆಗೆ ಓಡಿಬಂದರು. ಬ್ಯಾಡ್ಜ್ ನನ್ನ ಮೈಮೇಲೆ ಇರಲೇ ಇಲ್ಲ ಎಂದರು. ಹಾಗಾದರೆ ಎಲ್ಲಿತ್ತು? ಮಾದೇವಮ್ಮನ ಹತ್ತಿರ. ಅವಳ ಹತ್ತಿರ ಹೇಗೆ ಹೋಯಿತು? ಕೊಟ್ಟೆ ಎನ್ನುವಂತಿಲ್ಲ, ಮುಟ್ಟಿದಳೆಂದು ಬಿಟ್ಟೆ ಎನ್ನುವಂತಿಲ್ಲ. ಉಳಿದದ್ದು ಒಂದೇ ಮಾತು.

“ಕದ್ದಳು.”

ಅವಳನ್ನು ಕರೆದು ಒಂದು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೂಲಿ ಹಾಳೆ ಎಂದರು. ಕಳ್ಳತನ ಒಪ್ಪಿದ ಹಾಳೆ ಅದು. ಬೊಂಬಾಯಿಯ ಇನ್‌ಸ್ಪೆಕ್ಟರ್ ಬರುವ ಬೆಳಿಗ್ಗೆ ಸೂಪರಿಂಟೆಂಡೆಂಟರು ನನ್ನನ್ನು ಕರೆದು ಅದರ ಕೆಳಗೆ ಸಾಕ್ಷಿಯ ಸಹಿ ಕೇಳಿದರು. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಇತ್ತು. ತಾರಾಪುರದ ಶಿಫಾರಸು. ಟೈಪಾಗಿತ್ತು, ಅವರ ಸಹಿ ಮಾತ್ರ ಬಾಕಿ.

“ನೀನು ಇದಕ್ಕೆ ಹಾಕು, ನಾನು ಅದಕ್ಕೆ ಹಾಕ್ತೀನಿ. ಒಳ್ಳೆ ಫ್ಯೂಚರ್ ಇರೋ ಹುಡುಗ ನೀನು.”

“ಅವಳಿಗೆ ಏನಾಗುತ್ತೆ ಸಾರ್?”

“ಏನಾಗುತ್ತೆ? ಪೊಲೀಸಿಗೆ ಕೊಡಲ್ಲ, ಧರ್ಮಾಸ್ಪತ್ರೆಯಪ್ಪ ಇದು. ಕೆಲಸದಿಂದ ತೆಗೀತೀವಿ. ಇನ್ನೊಬ್ಬಳನ್ನ ಕರ್ಕೊಂಡು ಬಾ, ನಿಮ್ಮ ಕಡೆಯವಳನ್ನೇ.”

ನಾನು ಪೆನ್ನು ಹಿಂದಕ್ಕೆ ಕೊಟ್ಟೆ. “ಮಸಿ ಆಗಿಹೋಗಿದೆ ಸಾರ್” ಎಂದೆ. ಪೆನ್ನಿನಲ್ಲಿ ಮಸಿ ತುಂಬಿತ್ತು. ಅದು ಅವರಿಗೂ ಗೊತ್ತಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬೊಂಬಾಯಿ ಎಂದರೂ ಮೂಲ ಧಾರವಾಡದ ಕಡೆಯವರು. ಹೆಗಲಿಗೆ ಒಂದು ಪೆಟ್ಟಿಗೆ. ರೇಡಿಯಂ ಇದ್ದ ಕಡೆ ಹಿಡಿದರೆ ಅದು ಕಟಕಟ ಅನ್ನುತ್ತದೆ. ಸೂಪರಿಂಟೆಂಡೆಂಟರ ಹತ್ತಿರ ಹಿಡಿದರು, ಸುಮ್ಮನಿತ್ತು. ನಂಜುಂಡಯ್ಯನವರ ಹತ್ತಿರ ಹಿಡಿದರು, ಸುಮ್ಮನಿತ್ತು. ಬಾಗಿಲಾಚೆ ನಿಂತಿದ್ದ ಮಾದೇವಮ್ಮನ ಸೀರೆಯ ಮುಂಭಾಗಕ್ಕೆ ಹಿಡಿದರು. ಪೆಟ್ಟಿಗೆ ಕಟಕಟ ಎಂದಿತು. ಯಾವ ಕೊಳವೆಯೋ ಸೋರುತ್ತಿತ್ತು, ಅದೂ ಯಾರಿಗೂ ಗೊತ್ತಿರಲಿಲ್ಲ.

“ಏನಂತದೆ ಅದು?” ಮಾದೇವಮ್ಮ ನನ್ನನ್ನು ಕೇಳಿದಳು.

“ನೀನು ಇದ್ದೀಯ ಅಂತೈತೆ ಚಿಕ್ಕವ್ವ.”

ವಿಚಾರಣೆ ಶುರುವಾಯಿತು. ಮೂವರಿಗೆ ಕುರ್ಚಿ. ನಾನು ಗೋಡೆಗೆ. ಅವಳು ಹೊಸ್ತಿಲ ಆಚೆ. ಸಾಹೇಬರು ತಪ್ಪೊಪ್ಪಿಗೆಯ ಹಾಳೆ ಎತ್ತಿದರು.

“ಇದೇನ್ರೀ, ಹೆಬ್ಬಟ್ಟೋ ಮಸಿ ಕಲೆಯೋ? ಒಂದ್ ಗೆರೀನೂ ಇಲ್ಲಲ್ಲ. ಬಾಯಿ, ಇಲ್ಲಿ ಬಾ. ಕೈ ತೋರಸು.”

ಮಾದೇವಮ್ಮ ಒಳಗೆ ಬರಬೇಕೋ ಬೇಡವೋ ಎಂದು ನೋಡಿದಳು. ಸಾಹೇಬರೇ ಎದ್ದು ಹೋದರು. ಅವಳ ಬಲಗೈ ಹಿಡಿದು ತಿರುಗಿಸಿದರು.

“ನೀ ನೋಡಿದಿಯೇನಪಾ, ಈಕಿ ಕದಿಯೂದನ್ನ?” ನನ್ನನ್ನು ಕೇಳಿದರು.

“ಇಲ್ಲ ಸಾರ್. ತಿಂಗಳ ಕೊನೆಗೆ ಅವಳೇ ಬಂದು ಬಿಲ್ಲೆ ಬಿಚ್ಚಿ ಕೊಡ್ತಿದ್ಲು. ಫಿಲಂ ಹಾಕಿ ನಾನೇ ಅವಳ ಕೈಗೆ ಕೊಡ್ತಿದ್ದೆ. ಹೆಡ್ ಕ್ಲರ್ಕ್ ಅಪ್ಪಣೆ ಆಗಿತ್ತು. ಕದ್ದ ಮಾಲನ್ನ ತಿಂಗಳಿಗೊಂದ್ಸಲ ಠಾಣೆಗೆ ತಂದು ತೋರಿಸಿ ಹೋಗೋ ಕಳ್ಳಿ ಇವಳೊಬ್ಬಳೇ ಇರಬೇಕು.”

ಸಾಹೇಬರು ನಂಜುಂಡಯ್ಯನವರ ಕಡೆ ತಿರುಗಿದರು. ಅವರು ಮೇಜಿನ ಕಾಲು ನೋಡುತ್ತಿದ್ದರು. ಉತ್ತರ ಬಾಗಿಲಾಚೆಯಿಂದ ಬಂತು.

“ಬಿದ್ದೋಗಿತ್ತು ಬುದ್ಧಿ. ಎತ್ಕೊಟ್ಟೆ. ಅವರು ಈಸ್ಕಳ್ನಿಲ್ಲ. ನಾನು ಮುಟ್ಬುಟ್ಟಿದ್ದೆ.”

ಈಗ ಏನೋ ಆಗುತ್ತದೆ ಎಂದುಕೊಂಡೆ. ಆಯಿತು. ಸಾಹೇಬರು ಕನ್ನಡಕ ಒರೆಸಿಕೊಂಡು ನಿಯಮದ ಪುಸ್ತಕ ತೆಗೆದರು. ಒಳ್ಳೆಯ ಮನುಷ್ಯ. ಪುಸ್ತಕ ಬಿಟ್ಟು ಒಂದಡಿ ಆಚೆ ಇಡಲಾರದಷ್ಟು ಒಳ್ಳೆಯ ಮನುಷ್ಯ.

“ಕಳವು ಇಲ್ಲ. ಆ ಮಾತು ಮುಗೀತು. ಆದ್ರ ಈಕಿ ನಿಮ್ಮ ರೋಲ್‌ನ್ಯಾಗ ಇಲ್ಲ. ಅಂದ್ರ ರೇಡಿಯಂ ಕೆಲಸದಾಕಿ ಅಲ್ಲ. ಅಲ್ಲದಾಕಿ ಮೈಮ್ಯಾಲಿನ ಫಿಲಂ ನಮ್ಮ ಲೆಕ್ಕಕ್ಕ ಬರೂದಿಲ್ಲ. ನಾಲ್ಕನೇ ನಂಬರಿನ ಫಲಿತಾಂಶ ರದ್ದು.”

“ಹಾಗಾದ್ರೆ ನಂಗೇನೂ ಆಗಿಲ್ಲವೇ?” ನಂಜುಂಡಯ್ಯನವರು ಎದ್ದು ನಿಂತರು.

“ನಿಮಗೇನಾಗೇತ್ರೀ? ಗಟ್ಟಿ ಅದೀರಿ.”

“ಅದನ್ನ ಬರೆದು ಕೊಟ್ಟುಬಿಡಿ ಸಾರ್, ಸೀಲ್ ಹಾಕಿ. ಮನೇಲಿ ತೋರಿಸಬೇಕು.” ಅವರ ಕಣ್ಣಲ್ಲಿ ನೀರು ಬಂದಿತ್ತು.

ಸೂಪರಿಂಟೆಂಡೆಂಟರು ಕಾಫಿಗೆ ಹೇಳಿದರು. ಆಸ್ಪತ್ರೆಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಬರವಣಿಗೆಯಾಯಿತು. ಸಾಹೇಬರು ಸಹಿ ಹಾಕುವ ಮೊದಲು ತಲೆ ಎತ್ತಿದರು. “ಒಂದ್ ಮಾತು, ಡಾಕ್ಟರ. ರೋಲ್‌ನ್ಯಾಗ ಇಲ್ಲದಾಕಿ ಆ ಹಳದಿ ಗೀಟು ದಾಟಬಾರದು. ದಾಟಿದ್ಲು ಅಂತ ಗೊತ್ತಾದ್ರ ನಿಮ್ಮ ರೇಡಿಯಂ ವಾಪಸ್ ಹೋಗತೈತಿ. ಇದನ್ನೂ ಬರೀತೀನಿ.”

“ಬರೀರಿ, ಬರೀರಿ” ಎಂದರು ಸೂಪರಿಂಟೆಂಡೆಂಟರು. ಕಾಫಿ ಬಂದಿತ್ತು.

“ಏನಂದ್ರು ಲಿಂಗ?” ಮಾದೇವಮ್ಮ ಕೇಳಿದಳು.

ಹೇಳಿದೆ. ಅವಳು ಎರಡೆರಡು ಸಲ ಕೇಳಿ ತಿಳಿದುಕೊಂಡಳು. “ನಾನು ಕಳ್ಳಿ ಅಲ್ಲ. ಕೆಲ್ಸದೋಳೂ ಅಲ್ಲ. ಗೀಟು ದಾಟಂಗಿಲ್ಲ. ಅಷ್ಟೇ ತಾನೆ?”

“ಅಷ್ಟೇ.”

ಕಾಫಿ ಮುಗಿಯುವ ಮೊದಲೇ ನರ್ಸ್ ಓಡಿಬಂದಳು. ದಟ್ಟಗಳ್ಳಿಯಿಂದ ಬಂದಿದ್ದ ಭಾಗ್ಯಮ್ಮ ಎಂಬ ಹೆಂಗಸಿಗೆ ಇಟ್ಟಿದ್ದ ರೇಡಿಯಂ ತೆಗೆಯುವ ಹೊತ್ತಾಗಿತ್ತು. ತಡಮಾಡಿದರೆ ಒಳ್ಳೆಯ ಮಾಂಸವೂ ಸುಡುತ್ತದೆ. ಸೂಪರಿಂಟೆಂಡೆಂಟರು ಕಪ್ಪು ಕೆಳಗಿಟ್ಟು ಎಂದಿನಂತೆ ಕೂಗಿದರು.

“ಮಾದೇವಮ್ಮ, ಡಬ್ಬಿ ತಗೊಂಡು ಬಾ.”

ಅವಳು ಪಡಸಾಲೆಯಲ್ಲಿ ನಡೆದುಹೋದಳು. ಹಳದಿ ಗೀಟಿನ ಹತ್ತಿರ ಹೋಗಿ ನಿಂತಳು. ನಾವೆಲ್ಲ ಹಿಂದೆ ಬಂದೆವು.

“ನಿಂತ್ಕೊಂಡೆ ಯಾಕೆ? ಹೋಗೇ ಒಳಗೆ.”

“ಓಗಕಿಲ್ಲ ಬುದ್ಧಿ. ನಾ ಕೆಲ್ಸದೋಳಲ್ವಂತೆ.”

“ಅದು ರೂಲ್ಸಿನ ಮಾತು ಕಣೇ. ಪೇಷಂಟ್ ಕಾಯ್ತಿದಾಳೆ.”

“ಕಾಯ್ತಾವ್ಳೆ ಪಾಪ. ಬಿರ್ರನೆ ಓಗಿ ಬುದ್ಧಿ, ಡಬ್ಬಿ ಒಳಗೇ ಅದೆ.”

ಸೂಪರಿಂಟೆಂಡೆಂಟರ ಮುಖ ಕೆಂಪಾಯಿತು. “ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು!”

“ಯಾವ ಕೆಲ್ಸಕ್ಕೆ ಬುದ್ಧಿ? ಈಗ್ತಾನೆ ನಾನು ಕೆಲ್ಸದಲ್ಲೇ ಇಲ್ಲ ಅಂತ ಬರ್ಕಂಡ್ರಲ್ಲ, ಕಾಪಿ ಕುಡ್ಕಂಡು?”

ಹುಚ್ಚಣ್ಣ ಕಂಪೌಂಡರ್ ಕೋಣೆಯಿಂದ ತಲೆ ಹೊರಗೆ ಹಾಕಿ ಮತ್ತೆ ಎಳೆದುಕೊಂಡ. ನಂಜುಂಡಯ್ಯನವರು ಮುಂದೆ ಬಂದರು. “ಸಾರ್, ಅವಳನ್ನ ಈಗಲೇ ರೋಲಿಗೆ ಹಾಕ್ಕೊ‍ಳ್ಳೋಣ. ಹಿಂದಿನ ತಾರೀಖೇ ಹಾಕಿ ಬರೀತೀನಿ, ಎರಡು ನಿಮಿಷ.”

ಆಗ ನಾನು ಹೋಗಿ ಗೀಟಿನ ಮೇಲೆ, ಮಾದೇವಮ್ಮನ ಪಕ್ಕ ನಿಂತೆ.

“ಬರೀರಿ ಸ್ವಾಮಿ. ಹಿಂದಿನ ತಾರೀಖು ಹಾಕಿದ್ರೆ ಆ ಫಿಲಂ ಅವಳದಾಗುತ್ತೆ. ಮಿತಿ ಮೀರಿದ್ದೂ ಅವಳದಾಗುತ್ತೆ. ಪೂರ್ತಿ ಸಂಬಳದ ರಜೆ ಕೊಡಬೇಕು, ರಕ್ತ ನೋಡಿಸಬೇಕು, ಕೈಗೆ ಔಷಧಿ ಮಾಡಿಸಬೇಕು. ಆವಾಗಲೂ ಅವಳು ಗೀಟು ದಾಟೋ ಹಾಗಿಲ್ಲ. ಬರೀದಿದ್ರೆ ಮೊದಲೇ ದಾಟೋ ಹಾಗಿಲ್ಲ. ಅಲ್ವಾ ಸಾಹೇಬ್ರೆ?”

ಸಾಹೇಬರು ಪುಸ್ತಕ ತೆಗೆಯಲಿಲ್ಲ. “ಖರೆ” ಎಂದರು.

ಸೂಪರಿಂಟೆಂಡೆಂಟರು ನನ್ನ ಹತ್ತಿರ ಬಂದರು. ಅಷ್ಟು ಹತ್ತಿರ ಅವರು ಯಾವತ್ತೂ ಬಂದಿರಲಿಲ್ಲ. “ನಿನ್ನ ತಾರಾಪುರ ಇವತ್ತಿಗೆ ಮುಗೀತು ಲಿಂಗಯ್ಯ.”

“ಮುಗೀಲಿ ಸಾರ್. ಸೇಫ್ಟಿ ಇಲ್ಲೂ ಇದೆ. ನೀವೇ ಕೊಟ್ಟಿದ್ದು.” ನಾನು ಅವರ ಎದೆಯ ಕಡೆ ಕೈ ತೋರಿಸಿದೆ. “ನಿಮ್ಮ ಹತ್ರ ಒಂದನೇ ನಂಬರಿದೆ. ನೀವು ದಾಟಬಹುದು.”

ಆಪರೇಷನ್ ಕೋಣೆಯ ಒಳಗಿನಿಂದ ಭಾಗ್ಯಮ್ಮ ನರಳಿದಳು. ಡಾಕ್ಟರು ಮೇಟ್ರನ್ ಕಡೆ ನೋಡಿದರು. ಅವಳಿಗೆ ಫೋನ್ ಬಂದಿತ್ತಂತೆ, ಹೋದಳು. ಅಳಿಯ ಬರುವುದು ಶನಿವಾರ. ಚಿಮಟದ ಬೀರುವಿನ ಬೀಗದ ಕೈ ಎಲ್ಲಿ ಎಂದು ಕೂಗಾಡಿದರು. ಅದು ಅವರದೇ ಗೊಂಚಲಿನಲ್ಲಿತ್ತು. ಲಂಡನ್ ಚಿಮಟ ಮೊದಲ ಸಲ ವೆಲ್ವೆಟ್‌ನಿಂದ ಎದ್ದಿತು.

ಗೀಟು ದಾಟುವಾಗ ಮಾದೇವಮ್ಮ ಅವರನ್ನು ಕರೆದಳು.

“ಬುದ್ಧೀ, ಡಬ್ಬಿ ಬಲೇ ಭಾರ. ಒಟ್ಟೆಗೆ ಒತ್ಕಬ್ಯಾಡಿ. ಮೈಯಿಂದ ಆಚೆ ಇಡ್ಕಳಿ, ಕೈ ಸೋತ್ರೂವೆ.”

ಅವರು ಡಬ್ಬಿ ಎತ್ತಿಕೊಂಡು ಆಪರೇಷನ್ ಕೋಣೆಗೆ ಹೋದರು.

ರೇಡಿಯಂ ತೆಗೆದಾಯಿತು. ಆಪರೇಷನ್ ಕೋಣೆಯಿಂದ ಅವರು ಹೊರಗೆ ಬಂದರು. ಎರಡೂ ಕೈಯಲ್ಲಿ ಸೀಸದ ಡಬ್ಬಿ, ಮೈಯಿಂದ ಆಚೆ ಚಾಚಿ ಹಿಡಿದಿದ್ದರು. ಹಣೆಯ ಬೆವರು ಮೂಗಿಗೆ ಇಳಿಯುತ್ತಿತ್ತು, ಒರೆಸಲು ಕೈ ಇರಲಿಲ್ಲ. ಗೀಟಿನ ಹತ್ತಿರ ಬರುವಾಗ ಕೋಟಿನಿಂದ ಬಿಲ್ಲೆ ಕಳಚಿ ಬಿತ್ತು. ಉರುಳಿಕೊಂಡು ಬಂದು ಮಾದೇವಮ್ಮನ ಕಾಲ ಬಳಿ ನಿಂತಿತು.

ಅವಳ ಕೈ ತಾನಾಗಿ ಕೆಳಗೆ ಹೋಯಿತು. ಅರ್ಧಕ್ಕೆ ನಿಂತಿತು. ಅವಳು ಕೈ ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡಳು. ಹಿಂದಕ್ಕೆ ಸರಿಯುತ್ತಾ ಹೋಗಿ ಒಂದು ಕಡೆ ನಿಂತಳು. ಆರಡಿ, ಮೇಲೊಂದು ಗೇಣು.

ಡಾಕ್ಟರು ನಂಜುಂಡಯ್ಯನವರ ಕಡೆ ನೋಡಿದರು. ನಂಜುಂಡಯ್ಯನವರು ಬಿಲ್ಲೆ ನೋಡಿದರು, ಡಬ್ಬಿ ನೋಡಿದರು, ಗೋಡೆಗೆ ಅಂಟಿಕೊಂಡರು. ಸಾಹೇಬರ ಹೆಗಲಿನ ಪೆಟ್ಟಿಗೆ ಕಟಕಟ ಅನ್ನುತ್ತಿತ್ತು.

ಸೂಪರಿಂಟೆಂಡೆಂಟರು ಡಬ್ಬಿಯನ್ನು ನೆಲಕ್ಕಿಟ್ಟರು. ಸೊಂಟ ಹಿಡಿದುಕೊಂಡು ಬಗ್ಗಿದರು.